ತೊಟ್ಟಿಲು ಬರಿದಾದ ಮನೆ ಮತ್ತು ಸಮಾಜದ ಹೊಣೆ



ತುಳುನಾಡಿನಿಂದಲೂ ಬೆಳಗಾವಿ ಸೀಮೆಯಿಂದಲೂ ಈ ಮಹಾನಗರಕ್ಕೆ ಬಂದು ನೆಲೆಸಿದ ಕುಟುಂಬಗಳಲ್ಲಿ ಒಂದು ಪದ್ಧತಿ ಇಂದಿಗೂ ಉಳಿದಿದೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುತ್ತಾಳೆ. ಕಾರ್ಕಳದಲ್ಲೋ ಮೂಡುಬಿದಿರೆಯಲ್ಲೋ ಚಿಕ್ಕೋಡಿಯಲ್ಲೋ ಬಾಣಂತನ ನಡೆಯುತ್ತದೆ. ಮಗು ಅಲ್ಲಿ ಅಜ್ಜಿಯ ಕಣ್ಣೆದುರು ಮರದ ತೊಟ್ಟಿಲಲ್ಲಿ ಅಂಗಾತ ಮಲಗಿ ಬೆಳೆಯುತ್ತದೆ. ಮೂರನೆಯ ತಿಂಗಳಲ್ಲಿ ತಾಯಿ ಮಗುವನ್ನೆತ್ತಿಕೊಂಡು ಮತ್ಸ್ಯಗಂಧಾ ರೈಲನ್ನೇರಿ ಮುಂಬಯಿಗೆ ಮರಳುತ್ತಾಳೆ. ಇಲ್ಲಿ ತೊಟ್ಟಿಲಿಗೆ ಸ್ಥಳವಿಲ್ಲ. ಮೆತ್ತನೆಯ ಹಾಸಿಗೆಯ ಮೇಲೆ, ತಂದೆತಾಯಿಗಳ ನಡುವೆ, ದಪ್ಪ ರಜಾಯಿಯ ಅಂಚಿನಲ್ಲಿ ಮಗು ಮಲಗುತ್ತದೆ. ಪ್ರೀತಿಗೆ ಕೊರತೆಯಿಲ್ಲದ ಈ ಮನೆಯಲ್ಲಿಯೇ, ಆರೋಗ್ಯವಾಗಿದ್ದ ಮಗು ಒಂದು ಮುಂಜಾನೆ ಏಳದೆ ಹೋಗುವುದುಂಟು.

ವೈದ್ಯಶಾಸ್ತ್ರವು ಇದನ್ನು ಹಠಾತ್ ಶಿಶುಮರಣವೆಂದು ಕರೆಯುತ್ತದೆ. 1969ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಸೇರಿದ ತಜ್ಞರು ಇದಕ್ಕೆ ಮೊದಲ ಲಕ್ಷಣವನ್ನು ನಿರೂಪಿಸಿದರು. ಹಿಂದಿನ ಅನಾರೋಗ್ಯದಿಂದ ನಿರೀಕ್ಷಿಸಲಾಗದ, ಮರಣೋತ್ತರ ಪರೀಕ್ಷೆಯ ನಂತರವೂ ಕಾರಣ ಕಾಣದ ಶಿಶುವಿನ ಸಾವು ಎಂಬುದು ಅದರ ತಾತ್ಪರ್ಯ. ಮಗು ಮಲಗಿದ್ದ ಸ್ಥಳದ ಪರಿಶೀಲನೆಯೂ ಅಗತ್ಯವೆಂದು ನಂತರ ಸೇರಿಸಲಾಯಿತು. ಇಂತಹ ಮರಣಗಳಲ್ಲಿ ಹೆಚ್ಚಿನವು ಒಂದರಿಂದ ನಾಲ್ಕು ತಿಂಗಳ ವಯಸ್ಸಿನಲ್ಲಿ ಸಂಭವಿಸುತ್ತವೆ. ಶೇಕಡ 90ರಷ್ಟು ಆರು ತಿಂಗಳು ತುಂಬುವ ಮೊದಲೇ ನಡೆಯುತ್ತವೆ. ತವರಿನಿಂದ ಮುಂಬಯಿಗೆ ಮರಳುವ ಕಾಲವೂ ಅಪಾಯದ ಕಾಲವೂ ಒಂದೇ ಆಗಿರುವುದನ್ನು ಸಭೆ ಗಮನಿಸಬೇಕು.

ಭಾರತದಲ್ಲಿ 1971ರಲ್ಲಿ ಸಾವಿರ ಜೀವಂತ ಜನನಗಳಿಗೆ 129 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರಲ್ಲಿ ಆ ಪ್ರಮಾಣ 28ಕ್ಕೆ ಇಳಿಯಿತು. ಕರ್ನಾಟಕದಲ್ಲಿ 19ಕ್ಕೆ, ಮಹಾರಾಷ್ಟ್ರದಲ್ಲಿ 16ಕ್ಕೆ ಇಳಿಯಿತು. ಲಸಿಕೆ, ಆಸ್ಪತ್ರೆಯ ಹೆರಿಗೆ, ಶುದ್ಧ ನೀರುಗಳ ಫಲ ಇದು. ಸೋಂಕಿನ ಸಾವುಗಳು ಇಳಿದಂತೆ, ಕಾರಣ ತಿಳಿಯದ ಸಾವುಗಳ ಪಾಲು ಎದ್ದು ಕಾಣಬೇಕಿತ್ತು. ಆದರೆ ಈ ದೇಶದಲ್ಲಿ ಮನೆಯಲ್ಲಿ ಸತ್ತ ಶಿಶುವಿಗೆ ಮರಣೋತ್ತರ ಪರೀಕ್ಷೆ ನಡೆಯುವುದು ಅಪರೂಪ. ಪ್ರಮಾಣಪತ್ರದಲ್ಲಿ ಹೃದಯ ಮತ್ತು ಉಸಿರಾಟದ ಸ್ತಂಭನ ಎಂದು ಬರೆದು ಮುಗಿಸುವುದೇ ಹೆಚ್ಚು. ಎಲ್ಲ ಸಾವಿನಲ್ಲಿಯೂ ಹೃದಯ ನಿಲ್ಲುತ್ತದೆ, ಅದು ಕಾರಣವಾಗಲಾರದು. ಖಾತೆಯನ್ನೇ ತೆರೆಯದ ನಷ್ಟ ಲೆಕ್ಕಪತ್ರದಲ್ಲಿ ಕಾಣುವುದಿಲ್ಲ, ಆದರೆ ಮನೆ ಅದನ್ನು ತೆರುತ್ತಲೇ ಇರುತ್ತದೆ.

ಈ ಮರಣವನ್ನು ತಡೆಯುವ ಉಪಾಯ ಕಂಡ ಕಥೆ ವಿನಯವನ್ನು ಕಲಿಸುವಂತಹುದು. 1950ರ ದಶಕದಿಂದ ಪಾಶ್ಚಾತ್ಯ ದೇಶಗಳ ಪ್ರಸಿದ್ಧ ವೈದ್ಯರೇ ಶಿಶುಗಳನ್ನು ಬೋರಲಾಗಿ ಮಲಗಿಸಲು ಹೇಳಿದರು. ಅಂಗಾತ ಮಲಗಿದ ಮಗು ವಾಂತಿ ಮಾಡಿದರೆ ಉಸಿರು ಕಟ್ಟೀತೆಂಬುದು ಅವರ ಅಂಜಿಕೆ. ಡಾ. ಬೆಂಜಮಿನ್ ಸ್ಪಾಕ್ ಅವರ ಜನಪ್ರಿಯ ಶಿಶುಪಾಲನೆಯ ಪುಸ್ತಕವೂ ಇದನ್ನೇ ಹೇಳಿತು. 1985ರಲ್ಲಿ ಡೇವಿಸ್ ಎಂಬ ವೈದ್ಯರು ಹಾಂಗ್‌ಕಾಂಗ್‌ನಲ್ಲಿ ಇಂತಹ ಸಾವು ಅತಿ ವಿರಳವೆಂಬುದನ್ನು ಗುರುತಿಸಿ, ಅಲ್ಲಿನವರು ಮಕ್ಕಳನ್ನು ಅಂಗಾತ ಮಲಗಿಸುವ ರೂಢಿಯತ್ತ ಬೆರಳು ತೋರಿದರು. 1987ರಲ್ಲಿ ನೆದರ್‌ಲೆಂಡ್ಸ್ ಸಲಹೆಯನ್ನು ಬದಲಿಸಿತು. 1991ರಲ್ಲಿ ನ್ಯೂಜಿಲೆಂಡ್ ಹಾಗೂ ಬ್ರಿಟನ್, 1994ರಲ್ಲಿ ಅಮೆರಿಕ ದೇಶವ್ಯಾಪಿ ಪ್ರಚಾರವನ್ನು ಆರಂಭಿಸಿದವು. ಅಮೆರಿಕದಲ್ಲಿ ಮುಂದಿನ ವರ್ಷಗಳಲ್ಲಿ ಈ ಮರಣಗಳ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯಿತು. ಔಷಧಿಯಿಲ್ಲ, ಯಂತ್ರವಿಲ್ಲ, ಖರ್ಚಿಲ್ಲ. ಮಗುವಿನ ಭಂಗಿಯನ್ನು ಬದಲಿಸಿದ್ದೇ ಮುಖ್ಯ ಉಪಾಯವಾಯಿತು.

2005ರಲ್ಲಿ ಬ್ರಿಟನ್ನಿನ ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಮರಳಿ ಜೋಡಿಸಿ ನೋಡಿದಾಗ, ಬೋರಲು ಮಲಗಿಸುವುದು ಅಪಾಯವೆಂಬುದಕ್ಕೆ 1970ರ ವೇಳೆಗೇ ಸಾಕಷ್ಟು ಆಧಾರವಿತ್ತೆಂಬುದು ಹೊರಬಿತ್ತು. ಅಂದೇ ಕಣ್ಣು ತೆರೆದಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ ಮತ್ತು ಆಸ್ಟ್ರೇಲಿಯಾ ಭಾಗಗಳಲ್ಲಿ ಕನಿಷ್ಠ 50,000 ಶಿಶುಗಳು ಉಳಿಯಬಹುದಾಗಿತ್ತೆಂದು ಅವರು ಅಂದಾಜು ಮಾಡಿದರು. ಪರಂಪರೆಯಂತೆ ವಿಜ್ಞಾನಿಯ ಮಾತೂ ಪರೀಕ್ಷೆಗೆ ಒಳಪಡಬೇಕೆಂಬುದಕ್ಕೆ ಇದಕ್ಕಿಂತ ಭಾರವಾದ ನಿದರ್ಶನ ಬೇಕಿಲ್ಲ. ಮಕ್ಕಳನ್ನು ಅಂಗಾತ ಮಲಗಿಸಿದ ಅಜ್ಜಿಯರು ಈ ಒಂದು ವಿಷಯದಲ್ಲಿ ಸರಿಯಾಗಿದ್ದರು. ಬೇರೆ ಕೆಲವು ವಿಷಯಗಳಲ್ಲಿ ಅವರ ರೂಢಿಯನ್ನು ತಿದ್ದಬೇಕಾಗಿದೆ.

ವಾಂತಿಯ ಅಂಜಿಕೆಗೆ ಶರೀರರಚನೆಯೇ ಉತ್ತರ ಕೊಡುತ್ತದೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆಯೂ ಅನ್ನನಾಳ ಕೆಳಗೂ ಇರುತ್ತದೆ. ಮೇಲೆ ಬಂದ ಹಾಲು ಮತ್ತೆ ಅನ್ನನಾಳಕ್ಕೇ ಇಳಿಯುತ್ತದೆ. ಬೋರಲಾದಾಗ ಈ ಕ್ರಮ ತಿರುಗುಮುರುಗಾಗುತ್ತದೆ. ಅಲ್ಲದೆ ಮೂಗು ಹಾಸಿಗೆಯಲ್ಲಿ ಹುದುಗಿ, ತಾನು ಬಿಟ್ಟ ಉಸಿರನ್ನೇ ಮಗು ಮತ್ತೆ ಎಳೆದುಕೊಳ್ಳುತ್ತದೆ, ಮೈ ಬಿಸಿಯೇರುತ್ತದೆ. ದೊಡ್ಡವರಾದರೆ ಎಚ್ಚರಗೊಂಡು ಮಗ್ಗುಲಾಗುತ್ತಾರೆ. ಕೆಲವು ಶಿಶುಗಳಲ್ಲಿ ಹಾಗೆ ಎಚ್ಚರಿಸುವ ಮಿದುಳಿನ ಕಾಂಡ ಇನ್ನೂ ಬಲಿತಿರುವುದಿಲ್ಲ. 1994ರಲ್ಲಿ ಫಿಲಿಯಾನೋ ಮತ್ತು ಕಿನ್ನಿ ಮಂಡಿಸಿದ ವಿವರಣೆಯ ಪ್ರಕಾರ ಮೂರು ಸಂಗತಿಗಳು ಏಕಕಾಲಕ್ಕೆ ಕೂಡಬೇಕು: ಹೊರಗೆ ಕಾಣದ ದೌರ್ಬಲ್ಯ, ಬೆಳವಣಿಗೆಯ ಆ ನಾಜೂಕಿನ ತಿಂಗಳುಗಳು ಮತ್ತು ಹೊರಗಿನ ಒತ್ತಡ. ಮೊದಲನೆಯದು ತಂದೆತಾಯಿಗೆ ಕಾಣುವುದಿಲ್ಲ, ಎರಡನೆಯದನ್ನು ದಾಟಲೇಬೇಕು, ಮೂರನೆಯದು ಮಾತ್ರ ಮನೆಯವರ ಕೈಯಲ್ಲಿದೆ.

ಹಾಗಾದರೆ ಮುಂಬಯಿಯ ಮನೆಯಲ್ಲಿ ಏನು ಮಾಡಬೇಕು? ಬಿ.ಡಿ.ಡಿ. ಚಾಳಿನ ಒಂದು ಖೋಲಿ 160 ಚದರಡಿ. ಅಲ್ಲಿ ಮಗುವಿಗೆ ಪ್ರತ್ಯೇಕ ಮಂಚವನ್ನು ಕೊಳ್ಳಿರೆಂದು ಉಪದೇಶಿಸುವುದು ಪರಿಹಾಸವಾಗುತ್ತದೆ. ಆದರೆ ಮುಖ್ಯ ಸೂತ್ರಗಳಿಗೆ ಹಣವೂ ಸ್ಥಳವೂ ಹೆಚ್ಚು ಬೇಕಿಲ್ಲ. ಹಗಲಿರಲಿ ರಾತ್ರಿಯಿರಲಿ, ಪ್ರತಿ ಬಾರಿಯೂ ಮಗುವನ್ನು ಅಂಗಾತವಾಗಿಯೇ ಮಲಗಿಸಬೇಕು; ಮಗ್ಗುಲಾಗಿಯೂ ಬೇಡ. ಹಾಸು ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ಅದೇ ಕೋಣೆಯಲ್ಲಿ, ತಾಯಿಯ ಕೈಗೆ ಎಟಕುವಷ್ಟು ಹತ್ತಿರ, ಆದರೆ ಬೇರೆಯಾದ ಹಾಸಿನಲ್ಲಿ ಮಲಗಿಸುವುದು ಉತ್ತಮ. ನೆಲದ ಮೇಲೆ ಹಾಸಿದ ಗಟ್ಟಿಯಾದ ಚಿಕ್ಕ ಚಾಪೆ, ಅದರ ಮೇಲೊಂದು ಬಿಗಿದು ಕಟ್ಟಿದ ಬಟ್ಟೆ ಸಾಕು. ಮಗುವಿನ ಹತ್ತಿರ ದಿಂಬು, ರಜಾಯಿ, ಬೊಂಬೆಗಳಿರಬಾರದು. ತಲೆ ಗುಂಡಗಾಗಲೆಂದು ಇಡುವ ಸಾಸಿವೆಯ ದಿಂಬೂ ಇದಕ್ಕೆ ಹೊರತಲ್ಲ. ತಲೆಯ ಆಕಾರಕ್ಕಾಗಿ, ಎಚ್ಚರವಿರುವಾಗ ದೊಡ್ಡವರ ಕಣ್ಣೆದುರು ಮಗುವನ್ನು ಹೊಟ್ಟೆಯ ಮೇಲೆ ಆಡಿಸಿದರಾಯಿತು.

ಸೀರೆಯ ಜೋಲಿಯಲ್ಲಿ ಮಗುವಿನ ಗದ್ದ ಎದೆಗೆ ಒತ್ತಿ ಶ್ವಾಸಮಾರ್ಗ ಬಾಗುತ್ತದೆ. ಎಚ್ಚರವಿರುವ ಹಿರಿಯರು ಎದುರಿಗಿದ್ದು ತೂಗಬಹುದು. ನಿದ್ದೆ ಹತ್ತಿದ ಕೂಡಲೇ ಸಮತಟ್ಟಾದ ಹಾಸಿಗೆ ಇಳಿಸಬೇಕು. ಸೋಫಾದ ಮೇಲೆ ಮಗುವನ್ನು ಎದೆಗವಚಿಕೊಂಡು ನಿದ್ದೆ ಹೋಗುವುದು ಎಲ್ಲಕ್ಕಿಂತ ಅಪಾಯಕರ. ಅವಧಿಗೆ ಮೊದಲು ಹುಟ್ಟಿದ ಅಥವಾ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವನ್ನು ದೊಡ್ಡವರ ಹಾಸಿಗೆಯಲ್ಲಿ ಮಲಗಿಸಲೇಬಾರದು. ದೇಶದಲ್ಲಿ ಹುಟ್ಟುವ ಮಕ್ಕಳಲ್ಲಿ ಸುಮಾರು ಶೇಕಡ 18 ಇಂತಹವು. ಮನೆಯಲ್ಲಿ ಯಾರಾದರೂ ಧೂಮಪಾನ ಮಾಡುತ್ತಿದ್ದರೆ, ನಿದ್ದೆ ತರುವ ಔಷಧಿ ಅಥವಾ ಮದ್ಯ ಸೇವಿಸಿದ್ದರೆ ಈ ನಿಯಮ ಇನ್ನೂ ಕಟ್ಟುನಿಟ್ಟಾಗಬೇಕು. ಮುಂಬಯಿಯ ಸೆಕೆಯಲ್ಲಿ ಕುಲಾವಿ, ಉಣ್ಣೆಯ ಹೊದಿಕೆಗಳು ನಿದ್ದೆಯ ಹೊತ್ತಿಗೆ ಬೇಡ. ಎದೆಹಾಲು ಅಪಾಯವನ್ನು ತಗ್ಗಿಸುತ್ತದೆ. ಅಂಗಾತ ಮಲಗಿ ರೂಢಿಯಾದ ಮಗುವನ್ನು ಒಂದು ದಿನ ಬೇರೊಬ್ಬರು ಬೋರಲು ಮಲಗಿಸಿದರೆ ಅಪಾಯ ಅನೇಕ ಪಟ್ಟು ಏರುತ್ತದೆ. ಆದುದರಿಂದ ಅಜ್ಜಿ, ಆಯಾ, ಶಿಶುವಿಹಾರದವರು ಎಲ್ಲರಿಗೂ ಈ ಮಾತನ್ನು ಮೊದಲೇ ತಿಳಿಸಿರಬೇಕು.

ಉಡುಗೊರೆಯ ವಿಷಯದಲ್ಲಿಯೂ ವಿವೇಕ ಅಗತ್ಯ. ತೊಟ್ಟಿಲ ಸುತ್ತ ಕಟ್ಟುವ ಮೆತ್ತೆಗಳನ್ನೂ ಓರೆಯಾಗಿ ಮಲಗಿಸುವ ಶಿಶುಶಯ್ಯೆಗಳನ್ನೂ ಅಮೆರಿಕ 2022ರಲ್ಲಿ ಕಾನೂನಿನ ಮೂಲಕ ನಿಷೇಧಿಸಿತು. ಅಂತಹ ಸಾಮಗ್ರಿಗಳು ಇಲ್ಲಿಯ ನಾಮಕರಣಗಳಲ್ಲಿ ಇಂದಿಗೂ ಸಂಭ್ರಮದಿಂದ ಕೈ ಬದಲಾಯಿಸುತ್ತಿವೆ.

ಲಸಿಕೆಯ ಬಗ್ಗೆ ಒಂದು ಮಾತು. ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಲಸಿಕೆ ಹಾಕಲಾಗುತ್ತದೆ. ಈ ಮರಣಗಳ ಕಾಲವೂ ಅದೇ. ಆದಕಾರಣ ಕೆಲವು ಸಾವುಗಳು ಲಸಿಕೆಯ ಮಾರನೆಯ ದಿನ ಬಂದೇ ಬರುತ್ತವೆ. ಒಂದರ ನಂತರ ಇನ್ನೊಂದು ನಡೆದುದರಿಂದ ಮೊದಲನೆಯದು ಕಾರಣವಾಗುವುದಿಲ್ಲ. ಅಧ್ಯಯನಗಳು ಕಂಡಂತೆ ಲಸಿಕೆ ಪಡೆದ ಶಿಶುಗಳಲ್ಲಿ ಈ ಅಪಾಯ ಕಡಿಮೆಯೇ.

ಇಲ್ಲಿ ಧರ್ಮನಿಷ್ಠರ ಒಂದು ಆಕ್ಷೇಪ ಏಳುತ್ತದೆ. ಆಯುಕರ್ಮ ಇದ್ದಷ್ಟೇ ಆಯುಷ್ಯ. ಹಾಸಿಗೆ ಬದಲಿಸಿ ಫಲವೇನು? ಈ ಮಾತು ಭಕ್ತಿಯಂತೆ ಕೇಳಿಸುತ್ತದೆ, ಆದರೆ ಸಿದ್ಧಾಂತ ಹಾಗೆ ಹೇಳುವುದಿಲ್ಲ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯ ಸೂತ್ರವು ಯಾರ ಆಯುಷ್ಯ ಮೊಟಕಾಗಲಾರದು ಎಂಬುದನ್ನು ಎಣಿಸಿ ಹೇಳಿದೆ: ದೇವ ನಾರಕಿಗಳು, ಚರಮೋತ್ತಮ ದೇಹಿಗಳು, ಅಸಂಖ್ಯೇಯ ವರ್ಷ ಬಾಳುವ ಭೋಗಭೂಮಿಯವರು. ಉಳಿದವರ ಆಯುಷ್ಯವು ವಿಷ, ಶಸ್ತ್ರ ಮೊದಲಾದ ಬಾಹ್ಯ ನಿಮಿತ್ತಗಳಿಂದ ಕುಗ್ಗಬಹುದೆಂದು ಪೂಜ್ಯಪಾದರ ವ್ಯಾಖ್ಯಾನ ಸ್ಪಷ್ಟಪಡಿಸುತ್ತದೆ. ಅಕಲಂಕರು ಇನ್ನೂ ಮುಂದೆ ಹೋಗಿ, ಅಕಾಲಮರಣವೇ ಇಲ್ಲವೆಂದಾದರೆ ವೈದ್ಯಶಾಸ್ತ್ರವೇ ವ್ಯರ್ಥವಾದೀತೆಂಬ ತಾತ್ಪರ್ಯದ ವಾದವನ್ನು ಹೂಡಿದ್ದಾರೆ. ಬಾಹ್ಯ ನಿಮಿತ್ತವನ್ನು ತಪ್ಪಿಸುವುದು ಆದ್ದರಿಂದ ಶ್ರಾವಕನ ಕರ್ತವ್ಯದೊಳಗೇ ಇದೆ. ನೀರನ್ನು ಸೋಸಿ ಕುಡಿಯುವ, ಇರುವೆಯನ್ನು ನೋಡಿ ಹೆಜ್ಜೆಯಿಡುವ ಸಮಾಜವು ಮಗುವಿನ ಹಾಸಿಗೆಯ ವಿಷಯದಲ್ಲಿ ಮಾತ್ರ ಆಯುಕರ್ಮದ ಮೇಲೆ ಭಾರ ಹಾಕುವುದು ಸರಿಯೆನಿಸದು.

ಆದರೂ ಎಲ್ಲ ಎಚ್ಚರಿಕೆ ವಹಿಸಿದ ಮನೆಯಲ್ಲಿಯೂ ಈ ಸಾವು ಬರಬಹುದು. ಎಚ್ಚರಿಕೆಯ ಪಟ್ಟಿ ಮುಂದಿನ ಮಗುವಿಗಾಗಿ ಇದೆ. ಹೋದ ಮಗುವಿನ ತಾಯಿಯನ್ನು ವಿಚಾರಣೆಗೆ ನಿಲ್ಲಿಸಲು ಅಲ್ಲ. ಈ ಭೇದವನ್ನು ಮರೆತಾಗ ಏನಾಗುತ್ತದೆಂಬುದನ್ನು ಇಂಗ್ಲೆಂಡಿನ ಒಂದು ಪ್ರಕರಣ ತೋರಿಸಿತು. ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆಯ ಎರಡು ಗಂಡುಮಕ್ಕಳು 1996 ಮತ್ತು 1998ರಲ್ಲಿ ಶೈಶವದಲ್ಲಿಯೇ ತೀರಿಕೊಂಡರು. ತಾಯಿಯೇ ಕೊಂದಳೆಂದು ಆರೋಪ ಬಂದಿತು. ಅಂತಹ ಕುಟುಂಬದಲ್ಲಿ ಒಂದು ಹಠಾತ್ ಮರಣದ ಸಾಧ್ಯತೆ 8,543ರಲ್ಲಿ ಒಂದು, ಆದುದರಿಂದ ಎರಡರ ಸಾಧ್ಯತೆ ಸುಮಾರು 7.3 ಕೋಟಿಯಲ್ಲಿ ಒಂದು ಎಂದು ಪ್ರಸಿದ್ಧ ಶಿಶುವೈದ್ಯರೊಬ್ಬರು ನ್ಯಾಯಾಲಯದಲ್ಲಿ ಹೇಳಿದರು. 1999ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು.

ಆ ಲೆಕ್ಕದಲ್ಲಿ ಎರಡು ದೋಷಗಳಿದ್ದವು. ಎರಡು ಘಟನೆಗಳು ಪರಸ್ಪರ ಸಂಬಂಧವಿಲ್ಲದವಾದರೆ ಮಾತ್ರ ಹಾಗೆ ಗುಣಿಸಬಹುದು. ಒಂದೇ ತಂದೆತಾಯಿಯ, ಒಂದೇ ಮನೆಯ ಮಕ್ಕಳಲ್ಲಿ ಆನುವಂಶಿಕ ದೌರ್ಬಲ್ಯವೂ ಪರಿಸರವೂ ಸಮಾನವಾಗಿರಬಹುದು. ಎರಡನೆಯದಾಗಿ, ಎರಡು ಸಹಜ ಸಾವುಗಳು ಅಪರೂಪವೆಂದ ಮಾತ್ರಕ್ಕೆ ಕೊಲೆ ಸಂಭವನೀಯವಾಗುವುದಿಲ್ಲ. ತಾಯಿಯೊಬ್ಬಳು ಎರಡು ಶಿಶುಗಳನ್ನು ಕೊಲ್ಲುವುದೂ ಅತ್ಯಂತ ಅಪರೂಪ, ಹೋಲಿಸಬೇಕಾದುದು ಆ ಎರಡನ್ನು. 2001ರಲ್ಲಿ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಈ ಲೆಕ್ಕವನ್ನು ಬಹಿರಂಗವಾಗಿ ಖಂಡಿಸಿತು. ಎರಡನೆಯ ಮಗುವಿನ ಪ್ರಯೋಗಾಲಯದ ವರದಿಯನ್ನು ಮುಚ್ಚಿಟ್ಟಿದ್ದುದೂ ಬೆಳಕಿಗೆ ಬಂದು 2003ರಲ್ಲಿ ಆಕೆ ಬಿಡುಗಡೆಯಾದಳು. 2007ರಲ್ಲಿ ತೀರಿಕೊಂಡಳು. ಆಸ್ಟ್ರೇಲಿಯಾದ ಕ್ಯಾಥ್ಲೀನ್ ಫೋಲ್ಬಿಗ್ ನಾಲ್ಕು ಮಕ್ಕಳ ಸಾವಿಗಾಗಿ 2003ರಿಂದ ಸೆರೆಯಲ್ಲಿದ್ದು, 2023ರಲ್ಲಿ ಕ್ಷಮಾದಾನ ಪಡೆದಳು. ಅದೇ ವರ್ಷ ಶಿಕ್ಷೆಯೂ ರದ್ದಾಯಿತು. ಆಕೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ಹೃದಯದ ಲಯವನ್ನು ಕೆಡಿಸಬಲ್ಲ ಆನುವಂಶಿಕ ವ್ಯತ್ಯಾಸವೊಂದು ಕಂಡುಬಂದಿತ್ತು.

ಇವು ದೂರದ ದೇಶಗಳ ಕಥೆಗಳೆಂದು ಸಮಾಧಾನಪಡಬೇಕಾಗಿಲ್ಲ. ಇಲ್ಲಿ ನ್ಯಾಯಾಲಯದ ಅಗತ್ಯವೇ ಬೀಳುವುದಿಲ್ಲ. ಶೋಕಕ್ಕೆ ಬಂದವರೇ ತೀರ್ಪು ಕೊಡುತ್ತಾರೆ. ಮೊಲೆಯೂಡಿಸುತ್ತ ನಿದ್ದೆ ಮಾಡಿದಳೇ? ದೃಷ್ಟಿ ತೆಗೆಯಲಿಲ್ಲವೇ? ಯಾವ ಜನ್ಮದ ಪಾಪವೋ? ಒಂದೊಂದು ಪ್ರಶ್ನೆಯೂ ಒಂದು ಶಿಕ್ಷೆ. ಮುಂದಿನ ಸೀಮಂತಕ್ಕೆ ಆಕೆಗೆ ಕರೆ ಹೋಗುವುದಿಲ್ಲ. ನೆರೆಮನೆಯವರು ತಮ್ಮ ಕೂಸನ್ನು ಆಕೆಯ ಕೈಗೆ ಕೊಡುವುದಿಲ್ಲ. ಪ್ರತಿಯೊಂದು ಜೀವವೂ ತನ್ನ ಕರ್ಮಕ್ಕೆ ತಾನೇ ಕರ್ತೃ, ತಾನೇ ಭೋಕ್ತೃ ಎಂಬುದು ಜಿನಧರ್ಮದ ತಳಹದಿ. ಮಗುವಿನ ಮರಣವನ್ನು ತಾಯಿಯ ಪಾಪದ ಲೆಕ್ಕಕ್ಕೆ ಬರೆಯುವವನು ಶಾಸ್ತ್ರವನ್ನು ಹೇಳುತ್ತಿಲ್ಲ; ಪರರ ಖಾತೆಗೆ ಸುಳ್ಳು ಜಮೆ ಬರೆಯುತ್ತಿದ್ದಾನೆ. ಇಷ್ಟವಿಯೋಗದ ದುಃಖ ಆರ್ತಧ್ಯಾನವೆಂದು ಮೂರನೆಯ ದಿನವೇ ಎಚ್ಚರಿಸುವವರೂ ಇದ್ದಾರೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತೀಕರಣ ಮತ್ತು ವಾತ್ಸಲ್ಯಗಳು ಸೇರಿವೆ: ಕುಂದನ್ನು ಹರಡದಿರುವುದು, ಕುಸಿಯುವವರನ್ನು ಎತ್ತಿ ನಿಲ್ಲಿಸುವುದು, ಪ್ರೀತಿ ತೋರುವುದು. ಶೋಕದ ಮನೆಯಲ್ಲಿ ಈ ಮೂರೇ ಸಾಕು. ಉಪದೇಶ ಆಮೇಲೆ ಆಗಬಹುದು.

ಕಠಿಣವಾದ ಇನ್ನೊಂದು ವಿಷಯವಿದೆ. ಅಂತರ್ಮುಹೂರ್ತದ ನಂತರ ಶವದಲ್ಲಿ ಸಂಮೂರ್ಛನ ಜೀವಗಳು ಹುಟ್ಟುತ್ತವೆಂಬ ಶ್ರದ್ಧೆಯಿಂದ ಅಂತ್ಯಕ್ರಿಯೆಗೆ ಆತುರಪಡುವುದು ರೂಢಿ. ಆ ಶ್ರದ್ಧೆಗೆ ಗೌರವ ಸಲ್ಲಬೇಕು. ಆದರೆ ಕಾರಣ ತಿಳಿಯದ ಶಿಶುಮರಣದಲ್ಲಿ ಮರಣೋತ್ತರ ಪರೀಕ್ಷೆಯೇ ಸತ್ಯವನ್ನು ಹೇಳಬಲ್ಲ ಏಕೈಕ ಸಾಕ್ಷಿಯಾಗಬಹುದು. ಸೋದರಮಾವ, ಸೋದರತ್ತೆಯ ಮಗ ಮೊದಲಾದ ರಕ್ತಸಂಬಂಧದ ವಿವಾಹಗಳು ಇನ್ನೂ ಇರುವಲ್ಲಿ ಇದರ ಮಹತ್ವ ಹೆಚ್ಚು. ಚಯಾಪಚಯದ ಕೆಲವು ಆನುವಂಶಿಕ ರೋಗಗಳಲ್ಲಿ ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭಕ್ಕೂ ನಾಲ್ಕರಲ್ಲಿ ಒಂದರಂತೆ ಅಪಾಯವಿರುತ್ತದೆ. ಅದು ತಿಳಿದರೆ ಮುಂದಿನ ಮಗುವನ್ನು ಉಳಿಸಿಕೊಳ್ಳಲು ದಾರಿಯುಂಟು. ಅಂತಹ ರೋಗವಿಲ್ಲವೆಂದು ತಿಳಿದರೂ ಅದು ಲಾಭವೇ. ನಿಜವಾದ ಹಠಾತ್ ಶಿಶುಮರಣ ಮರುಕಳಿಸುವ ಸಾಧ್ಯತೆ ಕಡಿಮೆಯೆಂಬ ಧೈರ್ಯ ಆಗ ಸಿಗುತ್ತದೆ.

ಮುಂಬಯಿಯಲ್ಲಿ ಹಿಂದೆ ಕೊರೋನರ್ ಇಂತಹ ಮರಣಗಳನ್ನು ವಿಚಾರಿಸುತ್ತಿದ್ದರು. 1999ರಲ್ಲಿ ಆ ಹುದ್ದೆ ರದ್ದಾಯಿತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಂತೆ ಪೊಲೀಸರು ಮಹಜರು ನಡೆಸುತ್ತಾರೆ. ಪೊಲೀಸರು ಮನೆಗೆ ಬಂದರೆಂದರೆ ಅಪರಾಧ ಹೊರಿಸಿದರೆಂದು ಅರ್ಥವಲ್ಲ. ಆ ಹೊತ್ತಿನಲ್ಲಿ ಕಾನೂನು ಬಲ್ಲ, ಮರಾಠಿ ಬಲ್ಲ ಇಬ್ಬರು ಬಂಧುಗಳು ಪಕ್ಕದಲ್ಲಿದ್ದರೆ ತಂದೆತಾಯಿಯ ಭಯ ಅರ್ಧ ಇಳಿಯುತ್ತದೆ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ನಾಮಕರಣವಾಗಿರಲಿ ಇಲ್ಲದಿರಲಿ, ಜನನವೂ ಮರಣವೂ ದಾಖಲೆಯಲ್ಲಿರಬೇಕು. ಆ ಮಗು ಬದುಕಿತ್ತೆಂಬುದಕ್ಕೆ ಸರ್ಕಾರದ ಕಾಗದವೂ ಒಂದು ಸಾಕ್ಷಿ.

ರಾಜ್ಯವ್ಯವಸ್ಥೆಯ ಲೋಪವನ್ನೂ ಹೇಳದಿರಲಾಗದು. ಶಿಶುಮರಣಗಳ ಪರಾಮರ್ಶೆಗೆ ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಅದರ ಫಲ ಶೋಕತಪ್ತ ಮನೆಯವರೆಗೆ ತಲುಪಬೇಕು. ಮಗು ಜನನದ ನಂತರ ಬೇಗನೆ ತೀರಿಕೊಂಡರೆ ಕೇಂದ್ರ ಸರ್ಕಾರಿ ಮಹಿಳಾ ನೌಕರರಿಗೆ 60 ದಿನಗಳ ವಿಶೇಷ ರಜೆಯನ್ನು 2022ರ ಸೆಪ್ಟೆಂಬರಿನಲ್ಲಿ ಮಂಜೂರು ಮಾಡಲಾಯಿತು. ಸ್ವಾಗತಾರ್ಹ ಕ್ರಮ. ಆದರೆ ಅದು ಜನನದಿಂದ 28 ದಿನಗಳ ಒಳಗಿನ ಮರಣಕ್ಕೆ ಮಾತ್ರ ಅನ್ವಯಿಸುತ್ತದೆ. ಮೂರನೆಯ ತಿಂಗಳ ಸಾವು ಆ ಗೆರೆಯ ಹೊರಗೆ ಉಳಿಯಿತು. ಖಾಸಗಿ ವಲಯದ ತಂದೆಗಂತೂ ಕಾನೂನಿನ ಪಿತೃತ್ವ ರಜೆಯೇ ಇಲ್ಲ. 28 ದಿನಗಳ ಗಡಿಯನ್ನು ಒಂದು ವರ್ಷಕ್ಕೆ ವಿಸ್ತರಿಸಬೇಕೆಂದು ಸಂಸದರಲ್ಲಿಯೂ ಸರ್ಕಾರದಲ್ಲಿಯೂ ಬೇಡಿಕೆಯಿಡುವುದು ನ್ಯಾಯವಾದುದು. ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಈ ಸಮಾಜದಲ್ಲಿ ಉಪಾಹಾರಗೃಹದ ಮಾಲೀಕರಿದ್ದಾರೆ, ವರ್ತಕರಿದ್ದಾರೆ, ಕಚೇರಿ ನಡೆಸುವವರಿದ್ದಾರೆ. ತಮ್ಮಲ್ಲಿ ದುಡಿಯುವ ತಾಯಿಗೆ 60 ದಿನ, ತಂದೆಗೆ 15 ದಿನ ಸಂಬಳದ ರಜೆ ಕೊಡಲು ಯಾವ ಕಾನೂನೂ ಅಡ್ಡಬರುವುದಿಲ್ಲ.

ಮಗು ಹೋದ ಮೇಲೂ ತಾಯಿಯ ಎದೆಯಲ್ಲಿ ಹಾಲು ನಿಲ್ಲುವುದಿಲ್ಲ. ಇದರ ಬಗ್ಗೆ ಯಾರೂ ಮಾತನಾಡುವುದಿಲ್ಲವಾದ್ದರಿಂದ ಆಕೆ ಒಂಟಿಯಾಗಿ ನೋಯುತ್ತಾಳೆ. ವೈದ್ಯರ ಸಲಹೆ ಪಡೆದು, ತಂಪು ಪಟ್ಟಿಯಿಟ್ಟು, ನೋವು ತಗ್ಗುವಷ್ಟು ಮಾತ್ರ ಹಾಲು ತೆಗೆದು ಕ್ರಮೇಣ ನಿಲ್ಲಿಸಬೇಕು. ಸಯಾನಿನ ಲೋಕಮಾನ್ಯ ಟಿಳಕ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಏಷ್ಯಾದ ಮೊದಲ ಮಾನವ ಹಾಲಿನ ಬ್ಯಾಂಕನ್ನು ಸ್ಥಾಪಿಸಿದರು. ಅವಧಿಗೆ ಮೊದಲು ಹುಟ್ಟಿದ ಕೂಸುಗಳಿಗೆ ದಾನ ಬಂದ ಹಾಲು ಅಮೃತವಾಗುತ್ತದೆ. ಮಗುವನ್ನು ಕಳೆದುಕೊಂಡ ಕೆಲವು ತಾಯಂದಿರು ಜಗತ್ತಿನ ಹಲವೆಡೆ ಹೀಗೆ ಹಾಲು ನೀಡಿ ಸಮಾಧಾನ ಕಂಡಿದ್ದಾರೆ. ಆದರೆ ಅದು ಆಕೆಯ ಇಚ್ಛೆ. ದಾನವೆಂದು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ.

ಗಂಡಸು ಅಳಬಾರದೆಂಬ ನಿಯಮದಿಂದ ತಂದೆಯ ಶೋಕ ಒಳಗೇ ಕೊಳೆಯುತ್ತದೆ. ಮನೆಯಲ್ಲಿರುವ ಹಿರಿಯ ಮಗು ತನ್ನ ಅಸೂಯೆಯಿಂದಲೇ ತಮ್ಮ ಸತ್ತನೆಂದು ಭಾವಿಸಿಕೊಳ್ಳಬಹುದು; ಅದಕ್ಕೆ ಸರಳವಾಗಿ ನಿಜ ಹೇಳಬೇಕು. ಮಗು ನಿದ್ದೆ ಹೋಯಿತೆಂದು ಹೇಳಿದರೆ ಆ ಹಿರಿಯ ಮಗು ನಿದ್ದೆಗೇ ಅಂಜುತ್ತದೆ. ನಿದ್ದೆ, ಹಸಿವು ವಾರಗಟ್ಟಲೆ ಕೆಟ್ಟರೆ, ಬದುಕುವುದೇ ಬೇಡವೆಂಬ ಮಾತು ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

1899ರಲ್ಲಿ ಸ್ತವನಿಧಿಯಲ್ಲಿ ದಕ್ಷಿಣ ಭಾರತ ಜೈನ ಸಭೆ ಹುಟ್ಟಿದಾಗ ಅದರ ಮುಂದಿದ್ದುದು ಶಿಕ್ಷಣ ಹಾಗೂ ರೂಢಿಗಳ ಸುಧಾರಣೆ. ಆ ಕೆಲಸ ತೊಟ್ಟಿಲಿನ ಬಳಿಗೂ ಬರಬೇಕಾಗಿದೆ. ಪ್ರತಿ ಸೀಮಂತದಲ್ಲಿಯೂ ಐದು ನಿಮಿಷ ಸುರಕ್ಷಿತ ನಿದ್ದೆಯ ವಿಷಯವನ್ನು ಹೇಳಲಿ. ಕನ್ನಡದಲ್ಲಿ ಒಂದು ಪುಟದ ಸೂಚನೆ ತಯಾರಾಗಿ ತವರಿನ ಅಜ್ಜಿಯ ಕೈಗೂ ತಲುಪಲಿ. ಸಾವು ಸಂಭವಿಸಿದ ಮನೆಗೆ ತಕ್ಷಣ ಹೋಗಿ ನಿಲ್ಲಲು ಪ್ರತಿ ಉಪನಗರದಲ್ಲಿಯೂ ಇಬ್ಬರು ಮಹಿಳೆಯರು, ಇಬ್ಬರು ಪುರುಷರು ಸಿದ್ಧರಿರಲಿ. ಅವರು ಅಡುಗೆ, ಕಾಗದಪತ್ರ, ಆಸ್ಪತ್ರೆಯ ಓಡಾಟ ನೋಡಿಕೊಳ್ಳಲಿ, ಕಾರಣ ಕೇಳದಿರಲಿ. ಮೂರನೆಯ ತಿಂಗಳು, ಆರನೆಯ ತಿಂಗಳು, ಮಗು ಹುಟ್ಟಿದ ದಿನ ಮತ್ತೆ ಬಾಗಿಲು ತಟ್ಟಲಿ, ಏಕೆಂದರೆ ಜನ ಬರುವುದು ನಿಂತ ಮೇಲೆಯೇ ಶೋಕ ಹೆಚ್ಚುತ್ತದೆ. ಮಗುವಿಗೆ ಹೆಸರಿಟ್ಟಿದ್ದರೆ ಆ ಹೆಸರನ್ನು ಹಿಡಿದೇ ಮಾತನಾಡಲಿ. ಮುಂದಿನ ಶುಭಕಾರ್ಯದ ಮೊದಲ ಕರೆಯೋಲೆ ಆ ಮನೆಗೇ ಹೋಗಲಿ.

ಈ ಸಭೆ ಮುಗಿದು ಮನೆಗೆ ಹೋದಾಗ, ಮೊಮ್ಮಗು ಮಲಗಿರುವ ಹಾಸಿನ ಬಳಿಯ ದಿಂಬನ್ನು ಯಾರಾದರೊಬ್ಬರು ಇಂದೇ ತೆಗೆದಿಟ್ಟರೆ ಇಷ್ಟು ಹೊತ್ತಿನ ಮಾತು ಸಾರ್ಥಕವಾಗುತ್ತದೆ.

ಜೈ ಜಿನೇಂದ್ರ.